ದಾನಚಿಂತಾಮಣಿ ಅತ್ತಿಮಬ್ಬೆ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಕೂಡಿಟ್ಟವರ ಹೆಸರು ಮನೆಯ ಗೋಡೆಯನ್ನು ದಾಟುವುದಿಲ್ಲ. ಕೊಟ್ಟವರ ಹೆಸರು ಕಾಲವನ್ನೇ ದಾಟುತ್ತದೆ. ಸಾವಿರ ವರ್ಷಗಳ ಹಿಂದೆ ಈ ನಾಡಿನಲ್ಲಿ ಅರಸರಿದ್ದರು, ದಂಡನಾಯಕರಿದ್ದರು, ಸಾಮಂತರಿದ್ದರು. ಅವರು ಗೆದ್ದ ಯುದ್ಧಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತೇವೆ. ಆದರೆ ಅದೇ ಕಾಲದಲ್ಲಿ ಬದುಕಿದ, ಯಾವ ಯುದ್ಧವನ್ನೂ ಮಾಡದ, ಯಾವ ಸಿಂಹಾಸನವನ್ನೂ ಏರದ ಒಬ್ಬ ಹೆಣ್ಣುಮಗಳ ಹೆಸರನ್ನು ಕನ್ನಡ ನಾಡು ಇನ್ನೂ ಮರೆತಿಲ್ಲ. ಆಕೆಯೇ ದಾನಚಿಂತಾಮಣಿ ಅತ್ತಿಮಬ್ಬೆ.

ಅತ್ತಿಮಬ್ಬೆಯ ಕಥೆಯನ್ನು ನಾವು ಕೊಪ್ಪಳ ಸೀಮೆಯವರು ವಿಶೇಷ ಮಮತೆಯಿಂದ ಓದಲು ಕಾರಣವುಂಟು. ನಮ್ಮ ಕೊಪ್ಪಳವೇ ಹಿಂದಿನ ಕೊಪಣ. ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿರುವುದನ್ನು ನಮ್ಮಲ್ಲಿ ಬಹುಮಂದಿ ಕಣ್ಣಾರೆ ಕಂಡಿದ್ದೇವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಕೊಪಣನಗರವನ್ನೂ ಹೆಸರಿಸುತ್ತದೆ. ಜೈನರಿಗೆ ಈ ಊರು ಮಹಾತೀರ್ಥವಾಗಿತ್ತು. ಕವಿ ರನ್ನನು ಅತ್ತಿಮಬ್ಬೆಯ ನಡತೆಯ ಪಾವಿತ್ರ್ಯಕ್ಕೆ ಸರಿಸಮವಾದ ವಸ್ತುಗಳನ್ನು ಹುಡುಕಿದಾಗ ಆತನ ಕಣ್ಣಿಗೆ ಬಿದ್ದವುಗಳಲ್ಲಿ ಬಿಳಿಯ ಅರಳೆ ಒಂದು, ಗಂಗೆಯ ನೀರು ಒಂದು, ಅಜಿತಸೇನ ಮುನಿಗಳ ಗುಣಗಳು ಒಂದು. ಇನ್ನೊಂದು ನಮ್ಮ ಕೊಪಣದ ಬೆಟ್ಟ! ದಿನವೂ ಕಾಲೇಜಿಗೆ ಬರುವಾಗ ನಾವು ತಲೆಯೆತ್ತಿಯೂ ನೋಡದ ಈ ಕಲ್ಲುಗುಡ್ಡಗಳಿಗೆ ಕನ್ನಡದ ರತ್ನತ್ರಯರಲ್ಲಿ ಒಬ್ಬನ ಕಾವ್ಯದಲ್ಲಿ ಇಂಥ ಸ್ಥಾನವಿದೆ ಎಂಬುದನ್ನು ತಿಳಿದ ದಿನ ನನಗಾದ ಸಂತೋಷವನ್ನು ಹೇಳಲಾರೆ.

ಅತ್ತಿಮಬ್ಬೆಯ ಮನೆತನದ ಮೂಲ ವೆಂಗಿ ಮಂಡಲದ ಕಮ್ಮನಾಡಿನ ಪುಂಗನೂರು. ಅಲ್ಲಿ ನಾಗಮಯ್ಯನೆಂಬ ಗೌರವಸ್ಥನಿದ್ದನು. ಆತನಿಗೆ ಮಲ್ಲಪಯ್ಯ ಮತ್ತು ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಅಣ್ಣತಮ್ಮಂದಿರಿಬ್ಬರೂ ಶೂರರು, ಅಷ್ಟೇ ಅಲ್ಲ, ವಿದ್ಯೆಯಲ್ಲಿಯೂ ಧರ್ಮದಲ್ಲಿಯೂ ಆಸಕ್ತರು. ತಮ್ಮ ಗುರುಗಳಾದ ಜಿನಚಂದ್ರರ ಸ್ಮರಣೆಗಾಗಿ ಇವರು ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಹದಿನಾರನೆಯ ತೀರ್ಥಂಕರನಾದ ಶಾಂತಿನಾಥನ ಚರಿತ್ರೆ ಅದು. ಈ ಮಲ್ಲಪಯ್ಯನ ಹೆಣ್ಣುಮಕ್ಕಳೇ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ. ಹೀಗೆ ಅತ್ತಿಮಬ್ಬೆ ಹುಟ್ಟಿದ ಮನೆಯಲ್ಲಿ ಕತ್ತಿಗೆ ಎಷ್ಟು ಮರ್ಯಾದೆಯಿತ್ತೋ ಓಲೆಗರಿಗೂ ಅಷ್ಟೇ ಮರ್ಯಾದೆಯಿತ್ತು. ಮುಂದೆ ಆಕೆ ಮಾಡಿದ ದೊಡ್ಡ ಕೆಲಸದ ಬೀಜ ಆ ತವರುಮನೆಯಲ್ಲಿಯೇ ಬಿದ್ದಿತೆಂದು ಧಾರಾಳವಾಗಿ ಹೇಳಬಹುದು.

ಆ ಕಾಲವಾದರೋ ಬಹಳ ಏರುಪೇರಿನ ಕಾಲ. ಕ್ರಿ.ಶ. ೯೭೩ರಲ್ಲಿ ರಾಷ್ಟ್ರಕೂಟರ ಪ್ರಭುತ್ವ ಅಳಿದು, ಎರಡನೆಯ ತೈಲಪನು ಕಲ್ಯಾಣ ಚಾಲುಕ್ಯರ ರಾಜ್ಯವನ್ನು ಸ್ಥಾಪಿಸಿದನು. ಹೊಸ ರಾಜ್ಯವೆಂದ ಮೇಲೆ ನಾಲ್ಕು ಕಡೆಗೂ ಯುದ್ಧಗಳು. ತೈಲಪನ ಆಸ್ಥಾನದಲ್ಲಿ ದಲ್ಲಪನೆಂಬ ಮಹಾಮಂತ್ರಿಯಿದ್ದನು. ಆತನ ಮಗ ನಾಗದೇವನು ದಂಡನಾಯಕ. ಅಕ್ಕತಂಗಿಯರಾದ ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರನ್ನೂ ಈ ನಾಗದೇವನಿಗೇ ಕೊಟ್ಟು ಮದುವೆ ಮಾಡಿದರು. ಅತ್ತಿಮಬ್ಬೆಗೆ ಒಬ್ಬ ಮಗನು ಹುಟ್ಟಿದನು. ಸಿರಿಗೆ ಕೊರತೆಯಿಲ್ಲ, ಮಾನಕ್ಕೆ ಕೊರತೆಯಿಲ್ಲ. ಆದರೆ ದಂಡನಾಯಕನ ಮನೆಯ ಸುಖ ರಣರಂಗದ ಒಂದು ಬಾಣಕ್ಕೆ ಎಂದೂ ಅಧೀನವಾದುದು. ನಾಗದೇವನು ಯುದ್ಧದಲ್ಲಿ ಮಡಿದನು.

ಇಲ್ಲಿಂದ ಮುಂದಿನ ಕಥೆಯನ್ನು ಓದುವಾಗ ಎಂಥವರಿಗೂ ಎದೆ ಭಾರವಾಗುತ್ತದೆ. ತಂಗಿ ಗುಂಡಮಬ್ಬೆ ಪತಿಯೊಡನೆ ಸಹಗಮನ ಮಾಡಿದಳು. ಆ ಕಾಲದ ಜನ ಅದನ್ನು ಹೊಗಳಿದರು. ನಾವು ಇಂದು ಹೊಗಳಲಾರೆವು, ಆ ಎಳೆಯ ಜೀವಕ್ಕಾಗಿ ಮರುಗಬಲ್ಲೆವು ಮಾತ್ರ. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಮನೆಗೆ ಬಂದ ತಂಗಿಯೂ ಗಂಡನೂ ಒಟ್ಟಿಗೆ ಇಲ್ಲವಾದ ಮೇಲೆ ಅತ್ತಿಮಬ್ಬೆಯ ಪಾಲಿಗೆ ಉಳಿದುದು ಒಬ್ಬ ಚಿಕ್ಕ ಮಗ, ಒಂದು ದೊಡ್ಡ ಮನೆ, ಮತ್ತು ಇನ್ನೂ ಬಹುಕಾಲ ಬಾಳಬೇಕಾಗಿದ್ದ ಬದುಕು.

ಆಕೆ ಬದುಕನ್ನು ಆರಿಸಿಕೊಂಡಳು. ಮಗನನ್ನು ಬೆಳೆಸಿದಳು. ಆತನೇ ಮುಂದೆ ಪಡೆವಳ ತೈಲನೆಂದು ಹೆಸರಾದವನು. ಜಿನಧರ್ಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತ, ವ್ರತೋಪವಾಸಗಳಿಂದ ದೇಹವನ್ನು ದಂಡಿಸುತ್ತ ಕಾಲ ಕಳೆದಳು. ಇಷ್ಟಕ್ಕೇ ನಿಂತಿದ್ದರೆ ಆಕೆ ಒಬ್ಬ ಸಾಧ್ವಿಯೆಂದು ಅಂದಿನವರ ನೆನಪಿನಲ್ಲಿ ಉಳಿದು ಅವರೊಡನೆಯೇ ಮರೆಯಾಗುತ್ತಿದ್ದಳು. ಆದರೆ ಅತ್ತಿಮಬ್ಬೆ ಮನೆಯ ಮೂಲೆಯಲ್ಲಿ ಕುಳಿತುಕೊಳ್ಳಲಿಲ್ಲ. ಬಾಗಿಲನ್ನು ತೆರೆದಳು, ಕೈಯನ್ನೂ ತೆರೆದಳು.

ಜೈನಧರ್ಮದಲ್ಲಿ ನಾಲ್ಕು ಬಗೆಯ ದಾನಗಳನ್ನು ಹೇಳಿದ್ದಾರೆ. ಹಸಿದವನಿಗೆ ಆಹಾರ, ರೋಗಿಗೆ ಔಷಧ, ಅಂಜಿದವನಿಗೆ ಅಭಯ, ತಿಳಿಯದವನಿಗೆ ಶಾಸ್ತ್ರ. ಅತ್ತಿಮಬ್ಬೆಯ ಕೀರ್ತಿ ವಿಶೇಷವಾಗಿ ನಿಂತಿರುವುದು ಈ ನಾಲ್ಕನೆಯದರ ಮೇಲೆ. ತನ್ನ ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಶಾಂತಿಪುರಾಣವು ಪ್ರತಿಗಳಿಲ್ಲದೆ ಎಲ್ಲಿ ಕಣ್ಮರೆಯಾಗುವುದೋ ಎಂಬ ಕಾಲ ಬಂದಾಗ ಆಕೆ ಅದರ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅದರೊಡನೆ ಒಂದು ಸಾವಿರದ ಐದುನೂರು ಜಿನಬಿಂಬಗಳನ್ನು ಚಿನ್ನ ಮತ್ತು ರತ್ನಗಳಲ್ಲಿ ಮಾಡಿಸಿ ದಾನ ಮಾಡಿದಳೆಂದೂ ಪ್ರತೀತಿಯುಂಟು.

ಸಾವಿರ ಪ್ರತಿಗಳು ಎಂಬ ಮಾತನ್ನು ನಾವು ಸುಲಭವಾಗಿ ಓದಿ ಮುಂದೆ ಹೋಗುತ್ತೇವೆ. ಈಗ ಗುಂಡಿಯೊತ್ತಿದರೆ ಯಂತ್ರದಿಂದ ಪುಟಗಳು ಹೊರಬೀಳುತ್ತವೆ. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಇಡೀ ನೋಟ್ಸು ನಮ್ಮ ಕೈಗೆ ಬರುತ್ತದೆ. ಅಂದು ಹಾಗಿರಲಿಲ್ಲ. ಯುರೋಪಿನಲ್ಲಿ ಗುಟೆನ್‌ಬರ್ಗನ ಅಚ್ಚಿನ ಯಂತ್ರ ಬರಲು ಇನ್ನೂ ನಾಲ್ಕೂವರೆ ಶತಮಾನ ಬಾಕಿಯಿತ್ತು. ತಾಳೆಯ ಗರಿಗಳನ್ನು ತಂದು, ಬೇಯಿಸಿ, ಒಣಗಿಸಿ, ನಯ ಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಗರಿ ಹರಿಯದಂತೆ ಕೊರೆಯಬೇಕು. ಕೊರೆದ ಗೆರೆಗಳಲ್ಲಿ ಮಸಿ ತುಂಬಿ ಒರೆಸಬೇಕು. ತೂತು ಹಾಕಿ ದಾರ ಪೋಣಿಸಿ ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟಬೇಕು. ಇಷ್ಟಾದರೆ ಒಂದು ಗ್ರಂಥ. ಬರೆಯುವವನಿಗೆ ಲಿಪಿಯೂ ಬರಬೇಕು, ಕಾವ್ಯದ ಛಂದಸ್ಸಿನ ಹದವೂ ತಿಳಿದಿರಬೇಕು. ಇಲ್ಲವಾದರೆ ತಪ್ಪಿನ ಮೇಲೆ ತಪ್ಪು ಸೇರುತ್ತದೆ. ಆತನಿಗೆ ಅನ್ನ ಬೇಕು, ಸಂಬಳ ಬೇಕು, ನೆರಳು ಬೇಕು. ಇಂಥ ಒಂದು ಸಾವಿರ! ಅದು ಚಿನ್ನವನ್ನು ತೂಗಿ ಕೊಟ್ಟಂತೆ ಒಂದು ದಿನದಲ್ಲಿ ಮುಗಿಯುವ ದಾನವಲ್ಲ. ಕೊಡುವವರು ದಿನದಿನವೂ ಮನಸ್ಸಿಟ್ಟು ನೋಡಿಕೊಂಡರೆ ಮಾತ್ರ ಆಗುವ ಕೆಲಸ.

ಅದರ ಫಲವೇನೆಂದು ಕೇಳಿದರೆ ಸಾಹಿತ್ಯಚರಿತ್ರೆಯೇ ಉತ್ತರ ಹೇಳುತ್ತದೆ. ಪೊನ್ನನು ಬರೆದ ಭುವನೈಕರಾಮಾಭ್ಯುದಯ ನಮಗೆ ಸಿಕ್ಕಿಲ್ಲ. ಅದರ ಹೆಸರನ್ನಷ್ಟೇ ನಾವು ಪಾಠದಲ್ಲಿ ಓದುತ್ತೇವೆ. ಶಾಂತಿಪುರಾಣ ಮಾತ್ರ ಉಳಿದು ಬಂದಿದೆ. ಒಂದು ಕಾವ್ಯ ಉಳಿಯಲು, ಇನ್ನೊಂದು ಅಳಿಯಲು ಹಲವು ಕಾರಣಗಳಿರಬಹುದು. ಆದರೂ ಸಾವಿರ ಮನೆ, ಮಠ, ಬಸದಿಗಳಲ್ಲಿ ಹಂಚಿಹೋದ ಗ್ರಂಥಕ್ಕೆ ಹುಳು, ನೀರು, ಬೆಂಕಿಗಳಿಂದ ತಪ್ಪಿಸಿಕೊಳ್ಳುವ ದಾರಿಗಳೂ ಸಾವಿರ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಪೆಟ್ಟಿಗೆಯಲ್ಲಿ ಕಾಪಾಡಿಟ್ಟ ಒಂದು ಪ್ರತಿಗಿಂತ ಹಂಚಿಬಿಟ್ಟ ಸಾವಿರ ಪ್ರತಿ ಹೆಚ್ಚು ಸುರಕ್ಷಿತ. ದಾನದ ಗುಟ್ಟೇ ಇದಲ್ಲವೆ?

ಇನ್ನು ರನ್ನನ ಮಾತು. ಆತ ಕ್ರಿ.ಶ. ೯೪೯ರಲ್ಲಿ ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಬಳೆ ಮಾರುವ ಮನೆಯ ಹುಡುಗನಿಗೆ ವಿದ್ಯೆಯ ಹಸಿವು ಹುಟ್ಟಿತು. ದೂರದ ಗಂಗನಾಡಿಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದನು. ಚಾವುಂಡರಾಯನ ಆಶ್ರಯ ಪಡೆದನು. ಕೊನೆಗೆ ಚಾಲುಕ್ಯ ಚಕ್ರವರ್ತಿಯಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದನು. ಇಂಥ ಕವಿಗೆ ಆಶ್ರಯವಿತ್ತು ಅತ್ತಿಮಬ್ಬೆ ಅಜಿತಪುರಾಣವನ್ನು ಬರೆಯಿಸಿದಳು. ಅದು ಮುಗಿದುದು ಕ್ರಿ.ಶ. ೯೯೩ರಲ್ಲಿ. ಎರಡನೆಯ ತೀರ್ಥಂಕರನ ಚರಿತ್ರೆಯ ಜೊತೆಗೆ, ಮಕ್ಕಳನ್ನೆಲ್ಲ ಒಮ್ಮೆಗೇ ಕಳೆದುಕೊಂಡ ಸಗರ ಚಕ್ರವರ್ತಿಯ ಕಥೆಯೂ ಅದರಲ್ಲಿದೆ. ಸಾವಿನ ಮುಂದೆ ಅರಸನೂ ಬಡವನೂ ಒಂದೇ ಎಂಬುದನ್ನು ಹೇಳುವ ಕಾವ್ಯವನ್ನು, ಸಾವನ್ನು ಅಷ್ಟು ಹತ್ತಿರದಿಂದ ಕಂಡ ತಾಯಿಯೊಬ್ಬಳು ಬರೆಯಿಸಿದಳೆಂಬುದನ್ನು ನೆನೆದು ಓದಿದರೆ ಅದರ ಅರ್ಥ ಇನ್ನಷ್ಟು ಆಳವಾಗಿ ತೋರುತ್ತದೆ. ಅತ್ತಿಮಬ್ಬೆಯ ವಂಶವನ್ನೂ ಗುಣವನ್ನೂ ರನ್ನನು ಕಾವ್ಯದಲ್ಲಿ ವಿಸ್ತಾರವಾಗಿ ವರ್ಣಿಸಿದನು. ಅಷ್ಟಕ್ಕೇ ತೃಪ್ತನಾಗದೆ ತನ್ನ ಮಗಳಿಗೂ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಕವಿಯ ಹೊಗಳಿಕೆಯಲ್ಲಿ ಅತಿಶಯೋಕ್ತಿ ಇರಬಹುದು. ಮಗಳಿಗಿಟ್ಟ ಹೆಸರಿನಲ್ಲಿ ಅತಿಶಯೋಕ್ತಿ ಇರಲಾರದು.

ಅತ್ತಿಮಬ್ಬೆಯ ಮತ್ತೊಂದು ದೊಡ್ಡ ಕೆಲಸ ಲಕ್ಕುಂಡಿಯ ಬ್ರಹ್ಮ ಜಿನಾಲಯ. ಲಕ್ಕುಂಡಿಗೆ ಆಗ ಲೊಕ್ಕಿಗುಂಡಿ ಎಂದು ಹೆಸರು. ಕ್ರಿ.ಶ. ೧೦೦೭ರ ಶಾಸನವು ಆಕೆ ಅಲ್ಲಿ ಜಿನಾಲಯವನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ಆಗ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನು ಆಳುತ್ತಿದ್ದನು. ಆಕೆಯ ಮಹಿಮೆಗಳನ್ನೂ ಆ ಶಾಸನ ಹೇಳುತ್ತದೆ. ಬೆಳಗೊಳದ ಗೊಮ್ಮಟನ ದರ್ಶನಕ್ಕೆಂದು ಬೆಟ್ಟವೇರಿದಾಗ ಆಕೆಯ ದಣಿವಾರಿಸಲು ಅಕಾಲದಲ್ಲಿ ಮಳೆ ಬಂದಿತಂತೆ; ಉಕ್ಕಿ ಹರಿಯುತ್ತಿದ್ದ ಗೋದಾವರಿಯು ಆಕೆಯ ಮುಂದೆ ತಗ್ಗಿತಂತೆ. ಇವುಗಳನ್ನು ನಂಬುವುದೂ ಬಿಡುವುದೂ ಅವರವರ ಇಚ್ಛೆ. ನನಗೆ ತೋರುವುದಿಷ್ಟು: ಜನರು ಒಬ್ಬ ಹೆಣ್ಣುಮಗಳನ್ನು ಮನಸಾರೆ ಪ್ರೀತಿಸಿದಾಗ ಮಳೆಯೂ ಹೊಳೆಯೂ ಆಕೆಯ ಮಾತು ಕೇಳಿದವೆಂದು ಹೇಳಿಕೊಂಡು ಸಂತೋಷಪಡುತ್ತಾರೆ. ಮುಂದಿನ ಕಾಲದ ಶಾಸನಗಳಲ್ಲಿ ಕೊಡುಗೈಯ ಸ್ತ್ರೀಯರನ್ನು ಹೊಗಳಬೇಕಾದಾಗ ಅತ್ತಿಮಬ್ಬೆಗೆ ಹೋಲಿಸುವುದೇ ಒಂದು ರೂಢಿಯಾಯಿತು. ಈಗಿನ ಕರ್ನಾಟಕ ಸರಕಾರವು ಸಾಧಕ ಮಹಿಳೆಯರಿಗಾಗಿ ಸ್ಥಾಪಿಸಿದ ಪ್ರಶಸ್ತಿಗೂ ಆಕೆಯ ಹೆಸರೇ ಇದೆ.

ನಮ್ಮ ಇತಿಹಾಸ ವಿಭಾಗದ ಪ್ರವಾಸದಲ್ಲಿ ನಾವು ಆ ಜಿನಾಲಯವನ್ನು ನೋಡಿ ಬಂದೆವು. ಕೊಪ್ಪಳದಿಂದ ಗದಗಿಗೆ ಹೋಗುವ ದಾರಿಯಲ್ಲಿ, ಗದಗು ಇನ್ನೂ ಸ್ವಲ್ಪ ದೂರವಿರುವಾಗಲೇ ಲಕ್ಕುಂಡಿ ಸಿಗುತ್ತದೆ. ಹಿಂದಿನ ದಿನ ಇಟಗಿಯ ಮಹಾದೇವ ದೇವಾಲಯವನ್ನು ನೋಡಿದ್ದೆವು. ೧೧೧೨ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ, ದೇವಾಲಯಗಳ ಚಕ್ರವರ್ತಿಯೆಂದು ಹೆಸರಾದ ಗುಡಿ ಅದು. ಅದರ ಕುಸುರಿಯನ್ನು ಕಂಡ ಕಣ್ಣಿಗೆ ಅದಕ್ಕಿಂತ ನೂರು ವರ್ಷ ಹಿಂದಿನ ಈ ಬಸದಿ ಮೊದಲು ಸಾದಾ ಎನಿಸಿತು. ಹೊರಗಿನ ಗೋಡೆಗಳಲ್ಲಿ ಆಡಂಬರ ಕಡಿಮೆ. ಒಳಗೆ ತಂಪು, ಮಬ್ಬುಬೆಳಕು, ನುಣುಪಾದ ಕಂಬಗಳು, ನಾಲ್ಕು ಮುಖದ ಬ್ರಹ್ಮನ ಮೂರ್ತಿ. ಅಲ್ಲಿ ಕೆಲಹೊತ್ತು ಕುಳಿತಾಗ ನನಗೆ ನೆನಪಾದವಳು ನನ್ನ ಅವ್ವ.

ಈ ಮಾತನ್ನು ಇಲ್ಲಿ ಬರೆಯಬಹುದೋ ಬಾರದೋ ಎಂದು ಬಹಳ ಯೋಚಿಸಿದೆ. ಅತ್ತಿಮಬ್ಬೆ ಮಹಾಮಂತ್ರಿಯ ಸೊಸೆ. ನಮ್ಮವ್ವ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಕೂಲಿ ಮಾಡುವವಳು. ಹೋಲಿಕೆ ಸಲ್ಲದು. ಆದರೂ ಒಂದು ವಿಷಯದಲ್ಲಿ ಇಬ್ಬರ ಹಾದಿಯೂ ಒಂದೇ. ನಾನು ಮೂರು ವರ್ಷದವಳಿದ್ದಾಗ ಅಪ್ಪ ತೀರಿಕೊಂಡ. ಇನ್ನು ಇವಳ ಬಾಳು ಮುಗಿಯಿತೆಂದು ಬಂಧುಗಳು ಆಡಿಕೊಂಡರು. ಶುಭಕಾರ್ಯಗಳಲ್ಲಿ ಅವ್ವ ಹಿಂದೆ ನಿಲ್ಲತೊಡಗಿದಳು. ಅವಳು ಓದಿದವಳಲ್ಲ, ಸಹಿಗೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಆದರೆ ಬೆಳಗಿನ ಜಾವ ರೊಟ್ಟಿ ಬಡಿಯುವಾಗ ಪ್ರತಿದಿನ ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಪಕ್ಕದ ಮನೆಯಲ್ಲಿ ಒಬ್ಬಂಟಿಯಾಗಿದ್ದ ಕಣ್ಣು ಕಾಣದ ಮುದುಕಿಗೆ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ಗವಿಮಠದ ಜಾತ್ರೆ ಬಂತೆಂದರೆ ಊರವರೊಡನೆ ತಾನೂ ದಾಸೋಹಕ್ಕೆ ರೊಟ್ಟಿ ಕಳಿಸುತ್ತಿದ್ದಳು. ಹೈಸ್ಕೂಲಿನಲ್ಲಿದ್ದ ನಾನು ಒಮ್ಮೆ ಸಿಟ್ಟಿನಿಂದ, ನಮಗೇ ಸಾಲದಿರುವಾಗ ಊರವರಿಗೆ ಕೊಡುವುದೇಕೆ ಎಂದು ಕೇಳಿದೆ. ಅವ್ವ ಕೋಪಿಸಿಕೊಳ್ಳಲಿಲ್ಲ. ಆ ಮುದುಕಿ ಬೆಳಗಾದರೆ ತನ್ನ ಹೆಜ್ಜೆಯ ಸಪ್ಪಳಕ್ಕಾಗಿ ಕಾಯುತ್ತಾಳೆ, ತನಗಾಗಿ ಕಾಯುವವರು ಒಬ್ಬರಾದರೂ ಇರುವುದರಿಂದಲೇ ತನಗೆ ಏಳಬೇಕೆನಿಸುತ್ತದೆ ಎಂದು ಮಾತ್ರ ಹೇಳಿ ಒಲೆಯ ಕಡೆ ತಿರುಗಿದಳು. ಆಗ ನನಗೆ ಅದು ಅರ್ಥವಾಗಲಿಲ್ಲ; ನಾಚಿಕೆಯೂ ಆಗಲಿಲ್ಲ. ಲಕ್ಕುಂಡಿಯ ಕಂಬದ ಬುಡದಲ್ಲಿ ಕುಳಿತಾಗ ಎರಡೂ ಆದವು.

ಅತ್ತಿಮಬ್ಬೆಯ ಮನಸ್ಸಿನಲ್ಲಿ ಏನಿತ್ತೆಂದು ಶಾಸನವಾಗಲಿ ಕಾವ್ಯವಾಗಲಿ ನಮಗೆ ಹೇಳುವುದಿಲ್ಲ. ಆದರೆ ಆಕೆಯ ದಿನಗಳನ್ನು ಊಹಿಸಿಕೊಳ್ಳಬಹುದು. ಗಂಡನಿಲ್ಲದ, ತಂಗಿಯಿಲ್ಲದ ಮನೆಯಲ್ಲಿ ಬೆಳಗಾಗುತ್ತದೆ. ಆ ಹೊತ್ತಿಗೆ ಲಿಪಿಕಾರರು ಬಂದು ಕಾಯುತ್ತಿರುತ್ತಾರೆ. ಗರಿಗಳು ಬಂದಿವೆಯೋ ಇಲ್ಲವೋ ವಿಚಾರಿಸಬೇಕು. ಕವಿ ಹೊಸ ಪದ್ಯಗಳನ್ನು ಓದಿ ತೋರಿಸಲು ಬಂದಿರುತ್ತಾನೆ. ಶಿಲ್ಪಿಗಳು ಕಲ್ಲಿನ ಲೆಕ್ಕ ಒಪ್ಪಿಸಲು ನಿಂತಿರುತ್ತಾರೆ. ಬೇಡಿ ಬಂದವರು ಬಾಗಿಲಲ್ಲಿರುತ್ತಾರೆ. ಬೇಕಾದವರಿಗೆ ಬೇಕಾದುದನ್ನು ಕೊಡುತ್ತ ಕೊಡುತ್ತ ಆಕೆಯ ದಿನ ತುಂಬಿತು. ದಿನ ತುಂಬುತ್ತ ತುಂಬುತ್ತ ಬದುಕು ತುಂಬಿತು. ದಾನದಿಂದ ಪಡೆದವರ ಕೊರತೆ ತೀರಿತೆಂಬುದು ನಿಜ; ಕೊಟ್ಟವಳ ಬರಿದುತನ ತುಂಬಿತೆಂಬುದೂ ಅಷ್ಟೇ ನಿಜ.

ಆಕೆಯಲ್ಲಿ ಐಶ್ವರ್ಯವಿತ್ತು, ಕೊಟ್ಟಳು. ಅದರಲ್ಲೇನು ದೊಡ್ಡತನ ಎಂದು ಕೆಲವರು ಕೇಳಬಹುದು. ಐಶ್ವರ್ಯ ಆಕೆಯೊಬ್ಬಳಲ್ಲಿಯೇ ಇರಲಿಲ್ಲ. ಅಂದಿನ ಸಾಮಂತರ, ಮಂತ್ರಿಗಳ ಮನೆಗಳಲ್ಲೆಲ್ಲ ಹೊನ್ನು ಇದ್ದಿತು. ಆ ಹೊನ್ನು ಈಗ ಎಲ್ಲಿದೆಯೋ ಯಾರೂ ಅರಿಯರು. ಅಲ್ಲದೆ ದುಃಖ ಬಂದಾಗ ಮನುಷ್ಯನ ಕೈ ಸಹಜವಾಗಿ ಮುಚ್ಚಿಕೊಳ್ಳುತ್ತದೆ. ಉಳಿದಷ್ಟನ್ನಾದರೂ ಬಿಗಿಯಾಗಿ ಹಿಡಿದುಕೊಳ್ಳೋಣವೆಂದು ತೋರುತ್ತದೆ. ಎಲ್ಲಕ್ಕಿಂತ ದೊಡ್ಡದನ್ನು ಕಳೆದುಕೊಂಡ ಮೇಲೆಯೂ ಕೈ ತೆರೆದು ನಿಂತಳಲ್ಲ, ದೊಡ್ಡತನವಿರುವುದು ಅಲ್ಲಿ. ಎರಡು ರೊಟ್ಟಿ ಹೆಚ್ಚಿಗೆ ಬಡಿಯುವ ಕೂಲಿಯ ಹೆಂಗಸಿನಲ್ಲಿಯೂ ಅದೇ ದೊಡ್ಡತನ ಇರಬಲ್ಲದೆಂಬುದಕ್ಕೆ ನಾನೇ ಸಾಕ್ಷಿ.

ಇನ್ನು ನಮ್ಮ ಮಾತು. ಈ ಕಾಲೇಜಿನಲ್ಲಿ ಓದುವ ನಮ್ಮಲ್ಲಿ ಅನೇಕರು ತಮ್ಮ ಮನೆಯಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಬಂದ ನಮ್ಮ ಕೈಯಲ್ಲಿ ಹೊನ್ನಿಲ್ಲ. ಬಸದಿ ಕಟ್ಟಿಸುವ ಶಕ್ತಿಯಿಲ್ಲ. ಆದರೆ ನಮ್ಮ ತಂದೆತಾಯಿಗಳಿಗೆ ಸಿಗದಿದ್ದ ಒಂದು ವಸ್ತು ನಮಗೆ ಸಿಕ್ಕಿದೆ. ಅದು ಅಕ್ಷರ. ಪದವಿ ಪಡೆದು, ನೌಕರಿ ಹಿಡಿದು, ಆ ಅಕ್ಷರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದೇ ನಮ್ಮ ಗುರಿಯಾದರೆ ಅದೂ ಅಳಿದುಹೋದ ಓಲೆಗರಿಯಂತೆಯೇ ಸರಿ. ಸಾವಿರ ಪ್ರತಿ ಮಾಡಿಸಲು ನಮ್ಮಿಂದಾಗದು. ಆದರೆ ನಮಗೆ ಬಂದುದನ್ನು ಇನ್ನೊಬ್ಬರಲ್ಲಿ ಒಂದು ಪ್ರತಿಯಾಗಿಸಲು ಯಾರಿಗೂ ತಡೆಯಿಲ್ಲ. ಕೆಳಗಿನ ತರಗತಿಯವರಿಗೆ ನಮ್ಮ ಪುಸ್ತಕ ಕೊಡಬಹುದು. ರಜೆಯಲ್ಲಿ ಊರಿಗೆ ಹೋದಾಗ ಓಣಿಯ ಮಕ್ಕಳನ್ನು ಕೂಡ್ರಿಸಿಕೊಂಡು ಮಗ್ಗಿ ಹೇಳಿಕೊಡಬಹುದು.

ಪ್ರವಾಸದಿಂದ ಬಂದ ಮೇಲಿನ ರಜೆಯಲ್ಲಿ ನಾನು ಓಣಿಯ ನಾಲ್ವರು ಮಕ್ಕಳಿಗೆ ಸಂಜೆಯ ಹೊತ್ತು ಪಾಠ ಹೇಳತೊಡಗಿದೆ. ಮೂರನೆಯ ದಿನ ಅವ್ವ ಕೂಲಿಯಿಂದ ಬಂದವಳು ಕೈಕಾಲು ತೊಳೆದುಕೊಂಡು ಮಕ್ಕಳ ಹಿಂದೆ ಸುಮ್ಮನೆ ಬಂದು ಕುಳಿತಳು. ಈಗ ಅವಳಿಗೆ ತನ್ನ ಹೆಸರು ಬರೆಯಲು ಬರುತ್ತದೆ. ಅಕ್ಷರಗಳು ಸೊಟ್ಟಗಿವೆ, ಒತ್ತಕ್ಷರ ಇನ್ನೂ ಕೈಗೆ ಹತ್ತಿಲ್ಲ. ಅವಳು ಪಾಟಿಯ ಮೇಲೆ ತನ್ನ ಹೆಸರನ್ನು ಬರೆದು ನನ್ನ ಕಡೆ ನೋಡಿದ ಆ ಸಂಜೆ ನನ್ನ ಎದೆ ತುಂಬಿ ಬಂದಂತೆ ಯಾವ ಪರೀಕ್ಷೆಯ ಅಂಕಪಟ್ಟಿಯನ್ನು ನೋಡಿದಾಗಲೂ ತುಂಬಿರಲಿಲ್ಲ.

ಚಿಂತಾಮಣಿಯೆಂದರೆ ಬೇಡಿದುದನ್ನು ಕೊಡುವ ರತ್ನ. ಅತ್ತಿಮಬ್ಬೆಗೆ ನಾಡು ಆ ಹೆಸರನ್ನು ಕೊಟ್ಟಿತು. ಆ ರತ್ನ ಲಕ್ಕುಂಡಿಯ ಕಲ್ಲಿನಲ್ಲಿಯೂ ರನ್ನನ ಕಾವ್ಯದಲ್ಲಿಯೂ ಮಾತ್ರ ಇಲ್ಲ. ಕೈ ತೆರೆದವರ ಮನೆಯಲ್ಲೆಲ್ಲ ಅದರ ಒಂದು ಕಿಡಿ ಇದೆ. ನಾಳೆ ಬೆಳಗ್ಗೆ ಕಾಲೇಜಿಗೆ ಬರುವಾಗ ಒಮ್ಮೆ ತಲೆಯೆತ್ತಿ ಕೊಪಣದ ಬೆಟ್ಟವನ್ನು ನೋಡೋಣ. ಒಬ್ಬ ಕವಿಗೆ ಅದನ್ನು ಕಂಡಾಗ ಯಾರ ನೆನಪಾಗಿತ್ತೆಂಬುದು ನಮಗೂ ನೆನಪಿರಲಿ.